ದಮ್ಮು ಹತ್ತಿದ ಅಜ್ಜ ಅಷ್ಟುದ್ದ ಮಾತಾಡುವುದಿಲ್ಲ

ಕೆಲವು ವರ್ಷಗಳ ಹಿಂದೆ ಒಂದು ವೈದ್ಯಕೀಯ ಕಾಲೇಜಿನವರು ತಮ್ಮ ವಿದ್ಯಾರ್ಥಿಗಳಿಗೆ ಕನ್ನಡ ಪ್ರಬಂಧ ಸ್ಪರ್ಧೆ ಇಟ್ಟಿದ್ದರು. ವಿಷಯ: ‘ನಾನು ಮರೆಯಲಾರದ ರೋಗಿ’. ತೀರ್ಪುಗಾರರು ಮೂವರು. ಇಬ್ಬರು ವಾರ್ಡುಗಳಲ್ಲೇ ತಲೆ ನರೆತ ಹಿರಿಯ ವೈದ್ಯರು. ಮೂರನೆಯವನು ನಾನು. ಭಾಷೆಯ ಕಡೆ ಒಬ್ಬರಿರಲಿ ಎಂದು ಕೂರಿಸಿದ್ದರು.

ಒಂದು ಪ್ರಬಂಧ ನನಗೆ ಮೊದಲ ಓದಿಗೇ ಹಿಡಿಸಿತು. ಉಬ್ಬಸ ವಿಪರೀತವಾಗಿ ದಾಖಲಾದ ಅಜ್ಜನೊಬ್ಬ ರಾತ್ರಿಯೆಲ್ಲ ವಿದ್ಯಾರ್ಥಿಯ ಕೈ ಹಿಡಿದು ತನ್ನ ಹೊಲ, ಸತ್ತ ಎತ್ತು, ಬೆಂಗಳೂರು ಸೇರಿದ ಮಗ ಎಲ್ಲವನ್ನೂ ಹೇಳಿಕೊಂಡು ಬೆಳಗಿನ ಜಾವ ಕಣ್ಣು ಮುಚ್ಚುತ್ತಾನೆ. ನಾನು ಹತ್ತಕ್ಕೆ ಒಂಬತ್ತು ಕೊಟ್ಟಿದ್ದೆ. ಹಿರಿಯ ವೈದ್ಯರೊಬ್ಬರು ನಾಲ್ಕು ಕೊಟ್ಟಿದ್ದರು. ಯಾಕೆಂದು ಕೇಳಿದೆ.

“ಅಷ್ಟು ದಮ್ಮು ಹತ್ತಿದವನು ಒಂದು ಪೂರ್ತಿ ವಾಕ್ಯ ಆಡಲಾರ ಸರ್. ಎರಡು ಮಾತಿಗೊಮ್ಮೆ ನಿಲ್ಲುತ್ತಾನೆ. ಕಾಯಿಲೆ ಎಷ್ಟು ಜೋರಾಗಿದೆ ಅಂತ ನಾವು ಕಂಡುಕೊಳ್ಳುವುದೇ ಅದರಿಂದ. ಈ ಹುಡುಗ ಅಜ್ಜನ ಮಾತು ಕೇಳಿಸಿಕೊಂಡಿಲ್ಲ, ತಾನೇ ಬರೆದುಕೊಂಡಿದ್ದಾನೆ” ಎಂದರು.

ನಾನು ಸುಮ್ಮನಾದೆ. ಅವರು ಹೇಳಿದ್ದು ವೈದ್ಯಕೀಯದ ಮಾತು ಮಾತ್ರವಲ್ಲ, ಅಪ್ಪಟ ವಿಮರ್ಶೆಯ ಮಾತು. ಪಾತ್ರದ ಮಾತು ಪಾತ್ರದ ಮೈಯಿಂದ ಬರಬೇಕು ಎಂದು ನಾವು ತರಗತಿಯಲ್ಲಿ ಹೇಳುತ್ತೇವೆ. ಅವರು ಆ ಮೈಯನ್ನು ಬಲ್ಲವರು. ನನಗೆ ಶೈಲಿಯಾಗಿ ಕಂಡದ್ದು ಅವರಿಗೆ ಸುಳ್ಳಾಗಿ ಕೇಳಿಸಿತ್ತು.

ಇಂಥ ಸ್ಪರ್ಧೆಗಳು ಹೊರಗೆ ಹೊಸದಲ್ಲ. ಅಮೆರಿಕದ ಆರ್ನಾಲ್ಡ್ ಪಿ. ಗೋಲ್ಡ್ ಫೌಂಡೇಶನ್ 1999ರಲ್ಲಿ ವೈದ್ಯಕೀಯ ವಿದ್ಯಾರ್ಥಿಗಳಿಗೆ ಪ್ರಬಂಧ ಸ್ಪರ್ಧೆ ಆರಂಭಿಸಿತು. ಮುಂದೆ ನರ್ಸಿಂಗ್ ವಿದ್ಯಾರ್ಥಿಗಳೂ ಅದರಲ್ಲಿ ಸೇರಿದರು. ಅಲ್ಲಿ ಗೆದ್ದ ಬರಹಗಳು ‘ಅಕಾಡೆಮಿಕ್ ಮೆಡಿಸಿನ್’ನಂಥ ವೃತ್ತಿಪತ್ರಿಕೆಯಲ್ಲಿ ಅಚ್ಚಾಗುತ್ತವೆ. ಚಿಕಿತ್ಸೆಯಲ್ಲಿ ಮನುಷ್ಯತ್ವ ಉಳಿಯಬೇಕೆಂಬುದು ಅದರ ಆಶಯ. ಆಶಯದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಬಹುಮಾನ ಅಂತ ಒಂದು ಇಟ್ಟ ಕೂಡಲೇ ಬರಹಕ್ಕೆ ಒಂದು ಅಚ್ಚು ಸಿದ್ಧವಾಗಿಬಿಡುತ್ತದೆ.

ನಮ್ಮ ಸ್ಪರ್ಧೆಯಲ್ಲೂ ಆ ಅಚ್ಚು ಢಾಳಾಗಿ ಕಾಣುತ್ತಿತ್ತು. ಮೊದಲಿಗೆ ಗಡಿಬಿಡಿಯ ವಾರ್ಡು. ಆಮೇಲೆ ಯಾರೂ ಮಾತಾಡಿಸದ ಬಡರೋಗಿ. ವಿದ್ಯಾರ್ಥಿ ಬಂದು ಹತ್ತಿರ ಕೂರುತ್ತಾನೆ. ರೋಗಿ ಒಂದು ಜೀವನಸತ್ಯ ಹೇಳಿ ಸಾಯುತ್ತಾನೆ ಇಲ್ಲವೇ ಕೈಮುಗಿದು ಮನೆಗೆ ಹೋಗುತ್ತಾನೆ. ಕೊನೆಯ ಸಾಲಿನಲ್ಲಿ ವಿದ್ಯಾರ್ಥಿ ಒಳ್ಳೆಯ ಡಾಕ್ಟರ್ ಆಗುವ ಪಣ ತೊಡುತ್ತಾನೆ. ಇಲ್ಲಿ ರೋಗಿ ಒಂದು ಮೆಟ್ಟಿಲು, ಅಷ್ಟೇ. ಅವನನ್ನು ಹತ್ತಿ ಬರಹಗಾರ ಮೇಲೆ ಹೋಗುತ್ತಾನೆ. ರೋಗಿಗೆ ಊರಿರುತ್ತದೆ, ಬಡತನವಿರುತ್ತದೆ, ಆದರೆ ಸಿಟ್ಟು, ಜಿಪುಣತನ, ಹಟ ಯಾವುದೂ ಇರುವುದಿಲ್ಲ. ಡಾಕ್ಟರನ್ನು ಬಯ್ಯುವ ರೋಗಿ ನಾನು ಓದಿದ ಒಂದು ಪ್ರಬಂಧದಲ್ಲೂ ಇರಲಿಲ್ಲ.

ಈ ಅಚ್ಚನ್ನು ಒಡೆಯಬಲ್ಲವರು ಅನುಭವಿ ವೈದ್ಯರೇ. ಅಜ್ಜನ ವಿಷಯದಲ್ಲಿ ಹಾಗೇ ಆಯಿತು. ಆ ಹಿರಿಯರು ಹುಡುಗನನ್ನು ಕರೆಸಿ, “ಆವತ್ತು ಆತ ನಿಜವಾಗಿ ಏನಂದ?” ಎಂದು ಕೇಳಿದರು. ಹುಡುಗ ತಡವರಿಸಿ, “ನೀರು ಅಂದ್ರು ಸರ್. ಆಮೇಲೆ, ಮಗನಿಗೆ ಹೇಳ್ಬೇಡ ಅಂದ್ರು” ಎಂದ. ಅಜ್ಜ ಸತ್ತೂ ಇರಲಿಲ್ಲ. ನಾಲ್ಕು ದಿನಕ್ಕೆ ಡಿಸ್ಚಾರ್ಜ್ ಆಗಿದ್ದ. ಪ್ರಬಂಧ ಚೆನ್ನಾಗಿ ಮುಗಿಯಲೆಂದು ಹುಡುಗ ಅವನನ್ನು ಸಾಯಿಸಿದ್ದ. “ಅದನ್ನೇ ಬರಿಯಪ್ಪ, ಆ ಎರಡು ಮಾತು ಸಾಕು” ಎಂದರು ಅವರು. ಹುಡುಗ ಮತ್ತೆ ಬರೆದು ತಂದದ್ದು ಮೊದಲಿನದರ ಅರ್ಧದಷ್ಟಿತ್ತು, ಮೊದಲಿನದಕ್ಕಿಂತ ಎಷ್ಟೋ ಚೆನ್ನಾಗಿತ್ತು. ಮಾರ್ಗದರ್ಶನವೆಂದರೆ ನನ್ನ ಮಟ್ಟಿಗೆ ಇದೇ.

ಇಲ್ಲಿಗೆ ನಿಲ್ಲಿಸಿದರೆ ನನ್ನ ಲೇಖನವೂ ಅದೇ ಅಚ್ಚಿನದಾಗುತ್ತದೆ. ಇನ್ನೊಂದು ಪ್ರಬಂಧದ ಕಥೆ ಬಾಕಿ ಇದೆ.

ಅದನ್ನು ಬರೆದವಳು ಒಬ್ಬ ವಿದ್ಯಾರ್ಥಿನಿ. ರೌಂಡ್ಸ್ ಹೊತ್ತಿನಲ್ಲಿ ಹೆಂಗಸೊಬ್ಬಳ ಸೆರಗು ಸರಿಸಿ, ಸುತ್ತ ನಿಂತ ಹುಡುಗ ಹುಡುಗಿಯರಿಗೆ ಪಾಠ ಮಾಡಿದ್ದು, ಪರದೆ ಎಳೆಯಲು ಯಾರಿಗೂ ನೆನಪಾಗದೇ ಇದ್ದದ್ದು, ಆ ಹೆಂಗಸು ಗೋಡೆ ಕಡೆ ಮುಖ ಮಾಡಿ ಮಲಗಿದ್ದು, ತಾನೂ ಬಗ್ಗಿ ನೋಡಿ ನೋಟ್ಸ್ ಬರೆದುಕೊಂಡದ್ದು, ಇಷ್ಟೇ ಅದರಲ್ಲಿ ಇದ್ದದ್ದು. ಪಣ ತೊಡುವ ಕೊನೆಯಿಲ್ಲ. ಅದೇ ಹಿರಿಯರು ಅದನ್ನು ಪಕ್ಕಕ್ಕಿಟ್ಟು, “ಇದು ದೂರು, ಪ್ರಬಂಧ ಅಲ್ಲ” ಎಂದರು. ಅಜ್ಜನ ಉಸಿರನ್ನು ಅಷ್ಟು ಸೂಕ್ಷ್ಮವಾಗಿ ಕೇಳಿಸಿಕೊಂಡ ಕಿವಿಗೆ ಇದು ಕೇಳಿಸಲಿಲ್ಲ. ಯಾಕೆಂದರೆ ಆ ಪಾಠ ಮಾಡುವವರ ಸಾಲಿನಲ್ಲಿ ಅವರೂ ಇದ್ದರು. ಹಿರಿಯ ವೈದ್ಯ ವಾರ್ಡಿನ ಎಲ್ಲವನ್ನೂ ಬಲ್ಲ. ತನ್ನ ಅಭ್ಯಾಸವಾಗಿ ಹೋದದ್ದನ್ನು ಮಾತ್ರ ಕಾಣಲಾರ. ನಾನು ಒಂದೆರಡು ಮಾತು ವಾದಿಸಿ, ಊಟದ ಹೊತ್ತಾಯಿತೆಂದು ಒಪ್ಪಿಬಿಟ್ಟೆ. ಆ ಪ್ರಬಂಧಕ್ಕೆ ಯಾವ ಬಹುಮಾನವೂ ಬರಲಿಲ್ಲ.

ತೊಡಕಿರುವುದು ಇಲ್ಲೇ. ಪ್ರಬಂಧಕ್ಕೆ ಅಂಕ ಹಾಕುವವರೇ ನಾಳೆ ವೈವಾದಲ್ಲಿ ಎದುರು ಕೂರುವವರು. ಅವರಿಗೆ ಕಹಿಯಾಗುವ ಸತ್ಯವನ್ನು ಯಾವ ವಿದ್ಯಾರ್ಥಿ ಬರೆದಾನು? ಕೊಲಂಬಿಯಾ ವಿಶ್ವವಿದ್ಯಾಲಯದ ರೀಟಾ ಶರೋನ್ ವೈದ್ಯೆ, ಇಂಗ್ಲಿಷ್ ಸಾಹಿತ್ಯದಲ್ಲಿ ಪಿಎಚ್.ಡಿ. ಮಾಡಿದವರು. ಕೇಸ್ ಶೀಟಿನಲ್ಲಿ ಬರೆಯಲಾಗದ್ದನ್ನು ಬೇರೊಂದು ಹಾಳೆಯಲ್ಲಿ ಬರೆಯಿರಿ ಎಂದು ಅವರು ತಮ್ಮ ವಿದ್ಯಾರ್ಥಿಗಳಿಗೆ ಹೇಳಿದರು. ಅದನ್ನು ಗುಂಪಿನಲ್ಲಿ ಗಟ್ಟಿಯಾಗಿ ಓದಬೇಕು, ಉಳಿದವರು ಕೇಳಿಸಿಕೊಳ್ಳಬೇಕು. ಅಲ್ಲಿ ಮೊದಲನೆಯವರು ಎರಡನೆಯವರು ಎಂಬ ಪಂಕ್ತಿಯಿಲ್ಲ.

ನಮ್ಮಲ್ಲೂ ವೈದ್ಯರು ಬರೆದಿದ್ದಾರೆ. 1942ರಲ್ಲಿ ‘ಕೊರವಂಜಿ’ ಆರಂಭಿಸಿದ ರಾಶಿ ವೈದ್ಯರು. ಕಾದಂಬರಿಗಳ ಜೊತೆಗೇ ಹೆಂಗಸರ ಆರೋಗ್ಯದ ಪುಸ್ತಕಗಳನ್ನೂ ಬರೆದ ಅನುಪಮಾ ನಿರಂಜನ ವೈದ್ಯೆ. ಇವರು ಬರೆದದ್ದು ವಾರ್ಡಿನ ಹೊರಗಿನ ಓದುಗರಿಗೆ. ಆ ಓದುಗರ ಕೈಯಲ್ಲಿ ಇವರ ಇಂಟರ್ನಲ್ಸ್ ಅಂಕ ಇರಲಿಲ್ಲ.

ಹಾಗೆಂದು ಹಿರಿಯ ವೈದ್ಯರನ್ನು ದೂರ ಇಡಬೇಕೆಂದು ನಾನು ಹೇಳುತ್ತಿಲ್ಲ. ಅವರಿಲ್ಲದಿದ್ದರೆ ಸುಳ್ಳು ಅಜ್ಜನಿಗೇ ಮೊದಲ ಬಹುಮಾನ ಕೊಟ್ಟು ನಾನು ಮನೆಗೆ ಹೋಗುತ್ತಿದ್ದೆ. ತಿದ್ದುವವರು ಅವರೇ ಆಗಲಿ. ಅಂಕ ಹಾಕುವವರು ಬೇರೆ ಕಾಲೇಜಿನವರಾಗಲಿ, ಹಾಳೆಯ ಮೇಲೆ ಹೆಸರು ಬೇಡ. ರೋಗಿಯ ಗುರುತು ಸಿಗದಂತೆ ಬರೆಯಲು ಮೊದಲೇ ಕಲಿಸಲಿ. ಮತ್ತು ನನ್ನಂಥವನನ್ನು ಕೂರಿಸಿದರೆ, ಊಟ ತಡವಾದರೂ ಪರವಾಗಿಲ್ಲ, ವಾದ ಮುಗಿಯುವವರೆಗೆ ಏಳಲು ಬಿಡದಿರಲಿ.

ಗೆದ್ದ ಪ್ರಬಂಧಗಳು ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಬಂದವು. ಗೋಡೆ ಕಡೆ ಮುಖ ಮಾಡಿ ಮಲಗಿದ ಆ ಹೆಂಗಸು ಅದರಲ್ಲಿಲ್ಲ. ಆ ಸ್ಪರ್ಧೆಯಿಂದ ನನಗೆ ಮರೆಯಲಾಗದ ರೋಗಿ ಅವಳೊಬ್ಬಳೇ.