ಬಿಬಿಎ ಎಲ್‌ಎಲ್‌ಬಿ: ಹೆಸರು ದೊಡ್ಡದು, ಹೂರಣ ಎಷ್ಟು?

ಸುಲೇಪೇಟದ ಕಡೆ ಪಿಯುಸಿ ಕಾಮರ್ಸ್ ಮುಗಿಸಿದ ಮಗಳು 'ಲಾಯರ್ ಆಗ್ತೀನಿ, ಆದ್ರ ಕಂಪನಿ ಕೆಲಸ ನೋಡೋ ಲಾಯರ್' ಎಂದರೆ ಮನೆಯಲ್ಲಿ ಎರಡು ಸಲಹೆ ಸಿಗುತ್ತವೆ. ಐದು ವರ್ಷದ ಬಿಬಿಎ ಎಲ್‌ಎಲ್‌ಬಿ ಸೇರು ಎಂಬುದು ಒಂದು. ಮೊದಲು ಡಿಗ್ರಿ ಮುಗಿಸು, ಆಮೇಲೆ ನೋಡೋಣ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಈಗ ಭಾರಿ ಗಿರಾಕಿ. ವ್ಯಾಪಾರವೂ ಕಾನೂನೂ ಹೆಸರಿನಲ್ಲೇ ಇರುವುದರಿಂದ ಎರಡೂ ಒಟ್ಟಿಗೆ ದಕ್ಕಿಬಿಡುತ್ತವೆ ಎಂದು ತಂದೆತಾಯಿ ನಂಬುತ್ತಾರೆ. ನನ್ನ ಲೆಕ್ಕದಲ್ಲಿ ನಮ್ಮ ಭಾಗದ ಹೆಚ್ಚಿನ ಮಕ್ಕಳಿಗೆ ಎರಡನೆಯದೇ ಗಟ್ಟಿ ದಾರಿ. 'ಆಮೇಲೆ ನೋಡೋಣ' ಎಂಬ ಉದಾಸೀನವನ್ನು ಮಾತ್ರ ಅದರಿಂದ ಕಿತ್ತುಹಾಕಬೇಕು.

ಕಂಪನಿ ಲಾಯರ್ ಕೆಲಸ ದೂರದ್ದೆಂದು ಯಾರೂ ತಿಳಿಯಬೇಕಿಲ್ಲ. ವಾಡಿಯ ಎಸಿಸಿ ಸಿಮೆಂಟ್ ಕಾರ್ಖಾನೆ 2022ರಲ್ಲಿ ಹೋಲ್ಸಿಮ್ ಕೈಯಿಂದ ಅದಾನಿ ಗುಂಪಿಗೆ ಹೋಯಿತು. 2025ರಲ್ಲಿ ಸೇಡಂನ ವಾಸವದತ್ತ ಸಿಮೆಂಟ್ ಅಲ್ಟ್ರಾಟೆಕ್ ಪಾಲಾಯಿತು, ಚಿತ್ತಾಪುರ ತಾಲ್ಲೂಕಿನ ಇಟಗಾದ ಓರಿಯೆಂಟ್ ಸಿಮೆಂಟ್ ಅಂಬುಜಾ ಪಾಲಾಯಿತು. ಊರವರಿಗೆ ಬದಲಾದದ್ದು ಗೇಟಿನ ಮೇಲಿನ ಬೋರ್ಡು. ಅದರ ಹಿಂದೆ ಷೇರು ಖರೀದಿಯ ಕರಾರು, ಸ್ಪರ್ಧಾ ಆಯೋಗದ ಒಪ್ಪಿಗೆ, ಸುಣ್ಣದಕಲ್ಲಿನ ಗಣಿ ಗುತ್ತಿಗೆ, ಸಾಲ ಕೊಟ್ಟವರ ಸಮ್ಮತಿ ಎಂದು ರಾಶಿ ಕಾಗದ ಓಡಾಡಿರುತ್ತದೆ. ಕಲ್ಲು ನಮ್ಮ ನೆಲದ್ದು, ಕಾಗದ ಮಾತ್ರ ಮಹಾನಗರದ ಆಫೀಸುಗಳಲ್ಲಿ ತಯಾರಾಗುವಂಥದ್ದು.

ಅಷ್ಟು ದೊಡ್ಡದಕ್ಕೆ ಹೋಗುವುದೂ ಬೇಡ. ತೊಗರಿ ಕೊಟ್ಟ ರೈತನಿಗೆ ಅಡತಿ ಅಂಗಡಿಯವನು ಕೊಟ್ಟ ಚೆಕ್ ವಾಪಸ್ ಬಂತು ಅನ್ನಿ. ಬ್ಯಾಂಕಿನಿಂದ ಮಾಹಿತಿ ಬಂದ 30 ದಿನದೊಳಗೆ ನೋಟಿಸ್ ಹೋಗಬೇಕು. ಅದು ಮುಟ್ಟಿದ ಮೇಲೆ ಹಣ ಕಟ್ಟಲು 15 ದಿನ. ಆ ಗಡುವು ಮೀರಿದ ಒಂದು ತಿಂಗಳಲ್ಲಿ ದೂರು. ಇಷ್ಟನ್ನು ಯಾವ ವಕೀಲರ ಗುಮಾಸ್ತನೂ ಹೇಳುತ್ತಾನೆ. ಆದರೆ ಅಂಗಡಿ ಪಾಲುದಾರಿಕೆಯದ್ದಾದರೆ ಯಾರನ್ನೆಲ್ಲ ಹೊಣೆ ಮಾಡಬೇಕು? ಖಾತೆಯಲ್ಲಿ ಬಾಕಿ ಚೆಕ್ಕಿನಷ್ಟೇ ಇದೆಯೋ, ನಡುವೆ ಮುಂಗಡ ಕಡಿತವಾಗಿದೆಯೋ? ಚೆಕ್ ಸಾಲ ತೀರಿಸಲು ಕೊಟ್ಟದ್ದೋ, ಭದ್ರತೆಗೆ ಇಟ್ಟದ್ದೋ? ಇಲ್ಲಿ ಖಾತೆ ಪುಸ್ತಕ ಓದಲು ಬರುವ ವಕೀಲ ಬೇಕು. ಕಾನೂನು ಮತ್ತು ವ್ಯಾಪಾರ ಕೂಡುವುದು ಇಂಥ ಕಡೆ, ಕೋರ್ಸಿನ ಹೆಸರಿನಲ್ಲಲ್ಲ.

ಹಾಗೆ ನೋಡಿದರೆ ಈ ಕೂಡಿಕೆ ನಮ್ಮ ಸೀಮೆಗೆ ಹಳೆಯದೇ. ಶಹಾಬಾದ್ ಬಳಿಯ ಮರತೂರಿನವನೆಂದು ಇಲ್ಲಿಯವರು ಅಭಿಮಾನದಿಂದ ಹೇಳುವ ವಿಜ್ಞಾನೇಶ್ವರ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಬರೆದ ಮಿತಾಕ್ಷರದಲ್ಲಿ ಆಸ್ತಿ ಹಂಚಿಕೆಯ ಜೊತೆಗೆ ಸಾಲ, ಬಡ್ಡಿ, ಇಟ್ಟ ಠೇವಣಿ, ವರ್ತಕರ ಪಾಲುದಾರಿಕೆಗಳ ಚರ್ಚೆಯೂ ಇದೆ. ನಾವು ಅವನ ಹೆಸರಿನ ಭವನ ಕಟ್ಟಿ ಸುಮ್ಮನಾಗಿದ್ದೇವೆ.

ಬಿಬಿಎ ಎಲ್‌ಎಲ್‌ಬಿಯ ಮೇಲೆ ನನ್ನ ಆಕ್ಷೇಪ ಹೂರಣದ್ದು. ಸಾಧಾರಣ ಖಾಸಗಿ ಕಾಲೇಜಿನಲ್ಲಿ ಅದರ ಬಿಬಿಎ ಭಾಗವೆಂದರೆ ನಿರ್ವಹಣಾ ತತ್ವ, ಮಾರ್ಕೆಟಿಂಗ್ ತತ್ವ ಎಂದು ತತ್ವಗಳ ಮೆರವಣಿಗೆ. ಬ್ಯಾಲೆನ್ಸ್ ಶೀಟ್ ಬಿಡಿಸಿ ನೋಡುವ, ಜಿಎಸ್‌ಟಿ ರಿಟರ್ನ್ ತಾಳೆ ಹಾಕುವ ಅಭ್ಯಾಸ ಅದರಲ್ಲಿ ತೆಳುವು. ಬಿ.ಕಾಂ. ಮುಗಿಸಿ ಎಲ್‌ಎಲ್‌ಬಿ ಓದುವ ಆರು ವರ್ಷದ ದಾರಿಗೆ ಹೋಲಿಸಿದರೆ ಉಳಿಯುವುದು ಒಂದು ವರ್ಷ, ಅಷ್ಟೇ. 17-18ರ ವಯಸ್ಸಿನಲ್ಲಿ ಐದು ವರ್ಷಕ್ಕೆ ಕಟ್ಟಿಬಿದ್ದವಳಿಗೆ ನಡುವೆ ಮನಸ್ಸು ಬದಲಾದರೆ ಕೈಯಲ್ಲಿ ಬರೀ ಅಂಕಪಟ್ಟಿ ಉಳಿಯುವ ಭಯವೂ ಇದೆ.

ಬಿ.ಕಾಂ. ದಾರಿಯಲ್ಲಿ ಆ ಭಯವಿಲ್ಲ. 2024-25ರಿಂದ ರಾಜ್ಯದಲ್ಲಿ ಪದವಿ ಮತ್ತೆ ಮೂರೇ ವರ್ಷದ್ದಾಗಿದೆ. ಸೇಡಂ, ಚಿಂಚೋಳಿಯಲ್ಲೇ ಓದಬಹುದು. ಜೊತೆಜೊತೆಗೆ ಕಂಪನಿ ಸೆಕ್ರೆಟರಿ ಪರೀಕ್ಷೆಯ ಎಕ್ಸಿಕ್ಯುಟಿವ್ ಹಂತಕ್ಕೆ ತಯಾರಾದರೆ ಕಂಪನಿ ಕಾನೂನು ಮನೆಯ ಮೇಜಿಗೇ ಬರುತ್ತದೆ. 10 ಕೋಟಿ ರೂಪಾಯಿ ಅಥವಾ ಅದಕ್ಕೂ ಹೆಚ್ಚು ಪಾವತಿಯಾದ ಷೇರು ಬಂಡವಾಳದ ಕಂಪನಿಗೆ ಪೂರ್ಣಾವಧಿ ಸೆಕ್ರೆಟರಿ ಕಡ್ಡಾಯವಾದ್ದರಿಂದ, ಮುಂದೆ ಎಲ್‌ಎಲ್‌ಬಿ ಕೈಗೂಡದಿದ್ದರೂ ಆ ಕೋರ್ಸನ್ನು ಪೂರ್ತಿ ಮುಗಿಸಿದವಳ ಅರ್ಹತೆಗೆ ಬೆಲೆ ಇದ್ದೇ ಇದೆ. ಬಳಿಕ ಮೂರು ವರ್ಷದ ಎಲ್‌ಎಲ್‌ಬಿಯನ್ನು ಕಲಬುರಗಿಯಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯ ಶಂಕರಲಾಲ್ ಲಾಹೋಟಿ ಕಾಲೇಜಿನಲ್ಲಿ ಮಾಡಬಹುದು. 2013ರಿಂದ ಹೈಕೋರ್ಟಿನ ಕಾಯಂ ಪೀಠವೂ ಅದೇ ಊರಿನಲ್ಲಿದೆ. ಒಂದು ಎಚ್ಚರಿಕೆ: ಡಿಗ್ರಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 45, ಹಿಂದುಳಿದ ವರ್ಗಕ್ಕೆ 42, ಪರಿಶಿಷ್ಟರಿಗೆ 40 ಅಂಕ ಬರದಿದ್ದರೆ ಬಾರ್ ಕೌನ್ಸಿಲ್ ನಿಯಮದಂತೆ ಕಾನೂನಿನ ಬಾಗಿಲು ಮುಚ್ಚಿದಂತೆ. ಡಿಗ್ರಿಯನ್ನು ಹಗುರಾಗಿ ತೆಗೆದುಕೊಂಡವರು ಎಡವುವುದು ಇಲ್ಲೇ.

ಈ ದಾರಿಗೂ ಕುಂದಿದೆ. ಕನ್ನಡದಲ್ಲಿ ಉತ್ತರ ಬರೆದು ಎಲ್‌ಎಲ್‌ಬಿ ಪಾಸಾಗಬಹುದು, ಅದು ತಪ್ಪೇನೂ ಅಲ್ಲ. ಕಂಪನಿ ಕರಾರುಗಳು ಮಾತ್ರ ಇಂಗ್ಲಿಷಿನಲ್ಲೇ ಇರುತ್ತವೆ, ಕಂಪನಿ ವ್ಯಾಜ್ಯಗಳಿಗೆ ಬೆಂಗಳೂರಿನ ನ್ಯಾಯಮಂಡಳಿಗೇ ಹೋಗಬೇಕು. ದಿನಕ್ಕೊಂದು ತೀರ್ಪು ಓದಿ ಎರಡು ಪುಟದ ಟಿಪ್ಪಣಿ ಬರೆಯುವ ಶಿಸ್ತನ್ನು ಬಿ.ಕಾಂ. ಮೊದಲ ವರ್ಷದಿಂದಲೇ ಹಿಡಿಯಬೇಕು. ಕಾಲೇಜು ಇದನ್ನು ಕಲಿಸುತ್ತದೆಂದು ಕಾಯುತ್ತ ಕೂತವರಿಗೆ ಆರು ವರ್ಷವೂ ದಂಡ.

ಒಂದು ಅಪವಾದ ಒಪ್ಪುತ್ತೇನೆ. ಕ್ಲ್ಯಾಟ್ ಪ್ರವೇಶ ಪರೀಕ್ಷೆ ಬರೆದು ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ ಸೀಟು ಸಿಕ್ಕರೆ ಎರಡನೆಯ ಯೋಚನೆ ಬೇಡ, ಐದು ವರ್ಷಕ್ಕೇ ಹೋಗಲಿ. ಸಿಗಲಿಲ್ಲವೆಂದು ಅಳಬೇಕಾಗಿಯೂ ಇಲ್ಲ. 2022ರಿಂದ ಅಲ್ಲಿ ಪದವೀಧರರಿಗೆ ಮೂರು ವರ್ಷದ ಎಲ್‌ಎಲ್‌ಬಿ ಶುರುವಾಗಿದೆ. ಬಿ.ಕಾಂ. ಮುಗಿಸಿ ಮತ್ತೊಮ್ಮೆ ಬಾಗಿಲು ತಟ್ಟಬಹುದು.

ಉಳಿದ ಕಾಲೇಜುಗಳಿಗೆ ಲಕ್ಷಗಟ್ಟಲೆ ಫೀ ಕಟ್ಟುವ ಮುಂಚೆ ತಂದೆತಾಯಿ ಎರಡು ಪ್ರಶ್ನೆ ಕೇಳಲಿ: ಅಕೌಂಟೆನ್ಸಿ ಎಷ್ಟು ಸೆಮಿಸ್ಟರ್ ಇದೆ, ಅದನ್ನು ಹೇಳಿಕೊಡುವವರು ಯಾರು? ನೇರ ಉತ್ತರ ಬರದಿದ್ದರೆ ಆ ದುಡ್ಡು ಬ್ಯಾಂಕಿನಲ್ಲೇ ಇರಲಿ, ಮಗಳು ಸೇಡಂನಲ್ಲಿ ಬಿ.ಕಾಂ. ಸೇರಲಿ.