ಇಪ್ಪತ್ತಮೂರು ವರ್ಷಗಳ ಲೆಕ್ಕ: ‘ಆಮಾರ್ ಜೀವನ್’ ಕೃತಿಯಲ್ಲಿ ತಾಯ್ತನದ ಸ್ಮೃತಿ
ಬಂಗಾಳಿಯ ಮೊದಲ ಆತ್ಮಚರಿತ್ರೆಯೆಂದು ಸಾಮಾನ್ಯವಾಗಿ ಪರಿಗಣಿತವಾಗಿರುವ ‘ಆಮಾರ್ ಜೀವನ್’ ಒಬ್ಬ ಗೃಹಿಣಿಯ ರಚನೆ. ಅದನ್ನು ಬರೆದ ರಾಸಸುಂದರೀ ದೇವಿ ಪಾಬನಾ ಜಿಲ್ಲೆಯ ಪೋತಾಜಿಯಾ ಗ್ರಾಮದಲ್ಲಿ ಹುಟ್ಟಿ, ೧೨ನೆಯ ವಯಸ್ಸಿನಲ್ಲಿ ರಾಮದಿಯಾ ಗ್ರಾಮದ ಜಮೀನುದಾರರ ಮನೆಗೆ ಸೊಸೆಯಾಗಿ ಬಂದವಳು. ಮುಪ್ಪಿನಲ್ಲಿ ಬರೆಯತೊಡಗಿದ ಆಕೆ ೧೮೯೭ರಲ್ಲಿ, ತನ್ನ ೮೮ನೆಯ ವಯಸ್ಸಿನಲ್ಲಿಯೂ ಕೃತಿಯನ್ನು ಬೆಳೆಸುತ್ತಿದ್ದಳು. ಗುಟ್ಟಾಗಿ ಓದು ಕಲಿತ ಪ್ರಸಂಗಕ್ಕಾಗಿಯೇ ಈ ಗ್ರಂಥ ಹೆಚ್ಚು ಪ್ರಸಿದ್ಧವಾಗಿದೆ. ಅದು ಯುಕ್ತವೂ ಹೌದು. ಆದರೆ ಅದೇ ಪುಟಗಳಲ್ಲಿ ಹನ್ನೆರಡು ಮಕ್ಕಳನ್ನು ಹೆತ್ತ ತಾಯಿಯೊಬ್ಬಳ ಸ್ಮೃತಿಯೂ ಇದೆ. ಅದಕ್ಕೆ ವಿಮರ್ಶಕರ ಗಮನ ಅಷ್ಟಾಗಿ ಸಂದಿಲ್ಲ.

ಹೆರಿಗೆಯ ನೆನಪುಗಳಿಗಾಗಿ ಈ ಕೃತಿಯನ್ನು ತೆರೆಯುವ ವಾಚಕನಿಗೆ ಮೊದಲು ನಿರಾಶೆಯಾಗುತ್ತದೆ. ಸೂತಿಕಾಗೃಹದ ವರ್ಣನೆಗೆ ಆಕೆ ಕೈಹಾಕುವುದಿಲ್ಲ. ನೋವಿನ ವಿವರವೂ ಇಲ್ಲ. ಇರುವುದು ಒಂದು ಪಟ್ಟಿ: ತನ್ನ ಇಂತಹ ವಯಸ್ಸಿನಲ್ಲಿ ಇಂತಹ ಮಗು ಹುಟ್ಟಿತು, ಅದರ ಹೆಸರು ಇದು. ಮೊದಲನೆಯದು ೧೮ನೆಯ ವಯಸ್ಸಿನಲ್ಲಿ, ಕಡೆಯದು ೪೧ನೆಯ ವಯಸ್ಸಿನಲ್ಲಿ. ನಡುವಿನ ೨೩ ವರ್ಷ ತಾನು ಪಟ್ಟ ಪಾಡು ಪರಮೇಶ್ವರನೊಬ್ಬನಿಗೇ ಗೊತ್ತು, ಬೇರಾರಿಗೂ ತಿಳಿಯದು ಎಂಬ ಅರ್ಥದ ಮಾತನ್ನು ಹೇಳಿ ಆಕೆ ಮುಂದೆ ಸಾಗುತ್ತಾಳೆ.

ಗ್ರಂಥಕ್ಕೆ ಪೀಠಿಕೆ ಬರೆದ ದಿನೇಶಚಂದ್ರ ಸೇನರು ಇದನ್ನು ಒಬ್ಬಳ ಕಥೆಯಾಗಿ ಮಾತ್ರ ಕಾಣಲಿಲ್ಲ. ಹಿಂದಿನ ಕಾಲದ ಹಿಂದೂ ಸ್ತ್ರೀಯರೆಲ್ಲರ ಚಿತ್ರವನ್ನು ಅದರಲ್ಲಿ ಕಂಡರು. ಸಹೃದಯರ ಮೆಚ್ಚಿಕೆಯೇನೋ ಸರಿ. ಆದರೆ ಎಲ್ಲರ ಕಥೆಯನ್ನು ಹೇಳಹೊರಟವಳು ತನ್ನ ವಯಸ್ಸನ್ನು ಒಂದೊಂದು ಹೆರಿಗೆಗೂ ಹೀಗೆ ಜೋಡಿಸಿಡುವುದೇಕೆ? ಹೆತ್ತವರ ಹೆಸರಿನಲ್ಲಿ ಮಕ್ಕಳ ಜಾತಕ ಬರೆಯಿಸುವುದು ಲೋಕರೂಢಿ. ಇಲ್ಲಿ ಮಕ್ಕಳ ಜನನದಿಂದ ತಾಯಿಯ ಜಾತಕ ಬರೆಯಲ್ಪಟ್ಟಿದೆ. ಮೇಲ್ನೋಟಕ್ಕೆ ಶುಷ್ಕವೆನಿಸುವ ಈ ಪಟ್ಟಿ ವಾಸ್ತವವಾಗಿ ಒಂದು ಲೆಕ್ಕಪತ್ರ. ಲೆಕ್ಕ ಒಪ್ಪಿಸುವವಳಲ್ಲಿ ದೂರು ಇರಬಾರದೆಂದಿಲ್ಲ. ಸೇನರು ತಾಳ್ಮೆಯನ್ನು ಕಂಡ ಕಡೆಯಲ್ಲಿ ಎಣಿಕೆಯನ್ನೂ ಕಾಣಬೇಕು.

ಆ ದೂರಿನ ಸ್ವರೂಪ ತಿಳಿಯಬೇಕಾದರೆ, ಎರಡು ದಿನ ಅನ್ನವಿಲ್ಲದೆ ಕಳೆದ ಪ್ರಸಂಗವನ್ನು ಪಟ್ಟಿಯ ಪಕ್ಕದಲ್ಲಿಟ್ಟು ಓದಬೇಕು. ಸುಮಾರು ೨೫ ಮಂದಿಯ ಸಂಸಾರ. ಎರಡು ಹೊತ್ತಿನ ಅಡಿಗೆಯೂ ಆಕೆಯದೇ. ಎಲ್ಲರೂ ಉಂಡ ಮೇಲೆ ತನಗಾಗಿ ಬಡಿಸಿಕೊಂಡ ಅನ್ನ ಬಾಗಿಲಿಗೆ ಬಂದ ಅತಿಥಿಯ ಪಾಲಾಗುತ್ತದೆ. ಇನ್ನೊಮ್ಮೆ ಮಗುವನ್ನು ತೊಡೆಯ ಮೇಲಿಟ್ಟುಕೊಂಡೇ ಉಣ್ಣಲು ಕುಳಿತರೆ, ಮಗು ಉಚ್ಚೆ ಹೊಯ್ದು ತಟ್ಟೆಯ ಅನ್ನ ಕೆಡುತ್ತದೆ. ಮನೆಯಲ್ಲಿ ಧಾನ್ಯಕ್ಕೆ ಕೊರತೆಯಿಲ್ಲ, ಆಳುಕಾಳುಗಳಿಗೂ ಕೊರತೆಯಿಲ್ಲ. ಆದರೂ ತಾನು ಹಸಿದಿರುವೆನೆಂದು ಹೇಳಲು ನಾಚಿಕೆ. ಯಾರಿಗೂ ತಿಳಿಯಗೊಡಲಿಲ್ಲ. ಇದನ್ನು ಆಕೆ ಬರೆದಿರುವುದು ಕಣ್ಣೀರಿಡುತ್ತ ಅಲ್ಲ, ಬಹುಮಟ್ಟಿಗೆ ನಗುತ್ತ. ಆ ನಗೆಯೇ ಅತ್ಯಂತ ಕಟುವಾದುದು. ಹೆರಿಗೆಯ ನೋವಿಗೆ ದೇವರು ಸಾಕ್ಷಿಯಾಗಿರಬಹುದು. ತುಂಬಿದ ಮನೆಯಲ್ಲಿ ಬಾಣಂತಿಯೊಬ್ಬಳು ಹಸಿದಿರುವುದಕ್ಕೆ ಮನುಷ್ಯರೇ ಸಾಕ್ಷಿಗಳಾಗಬೇಕಿತ್ತು. ಅವರು ಇದ್ದೂ ಇರಲಿಲ್ಲ.

ಓದು ಕಲಿತುದು ಈ ೨೩ ವರ್ಷಗಳ ಒಳಗೇ ಎಂಬುದು ಮುಖ್ಯವಾದ ಸಂಗತಿ. ಆಗ ಹಿರಿಯ ಮಗ ಬಿಪಿನನಿಗೆ ಎಂಟು ವರ್ಷ. ತಾಯಿಗೆ ಇಪ್ಪತ್ತೈದರ ಆಸುಪಾಸು. ‘ಚೈತನ್ಯ ಭಾಗವತ’ದ ಒಂದು ಹಾಳೆಯನ್ನೂ ಮಗ ಅಕ್ಷರ ತಿದ್ದಿದ ಒಂದು ತಾಳೆಗರಿಯನ್ನೂ ಆಕೆ ಅಡಿಗೆಮನೆಯಲ್ಲಿ ಬಚ್ಚಿಟ್ಟಳು. ಬಾಲ್ಯದಲ್ಲಿ ತವರಿನ ಶಾಲೆಯಲ್ಲಿ ಹುಡುಗರ ಪಾಠ ಕೇಳಿ ನೆನಪಿನಲ್ಲಿ ಉಳಿದಿದ್ದ ಅಕ್ಷರಗಳನ್ನು ಆ ಎರಡರೊಡನೆ ಹೋಲಿಸಿ ಹೋಲಿಸಿ ಓದು ಕೂಡಿಸಿಕೊಂಡಳು. ಎಷ್ಟೋ ವರ್ಷಗಳ ತರುವಾಯ, ಕಲ್ಕತ್ತೆಯಲ್ಲಿ ಓದುತ್ತಿದ್ದ ಮಗ ಕಿಶೋರೀಲಾಲ ತನ್ನ ಕಾಗದಗಳಿಗೆ ಉತ್ತರ ಬರಲಿಲ್ಲವೆಂದು ಆಕ್ಷೇಪಿಸಿ, ಲೇಖನಿ ಮಸಿ ಕಾಗದಗಳನ್ನು ತಂದುಕೊಟ್ಟ ಮೇಲೆ ಬರೆಯಲು ಕಲಿತಳು. ಬಿಡುವನ್ನು ಕಿತ್ತುಕೊಂಡ ಮಕ್ಕಳಿಂದಲೇ ಅಕ್ಷರವೂ ಬಂದಿತು. ಹೆರಿಗೆಯ ಪುಟಗಳನ್ನೂ ಓದಿನ ಪುಟಗಳನ್ನೂ ಬೇರೆಬೇರೆಯಾಗಿ ಓದುವವರಿಗೆ ಈ ಸಂಬಂಧ ಕಾಣುವುದಿಲ್ಲ.

ಕನ್ನಡಿಗರಿಗೆ ಇಲ್ಲಿ ‘ಗರತಿಯ ಹಾಡು’ ನೆನಪಾಗುವುದು ಸಹಜ. ಹಲಸಂಗಿಯ ಗೆಳೆಯರು ಸಂಗ್ರಹಿಸಿ ೧೯೩೧ರಲ್ಲಿ ಬೆಳಕಿಗೆ ತಂದ ಆ ತ್ರಿಪದಿಗಳಲ್ಲಿ ತವರಿನ ಹಂಬಲವುಂಟು, ತೊಟ್ಟಿಲ ಕೂಸುಂಟು. ಬೀಸುವ ಕಲ್ಲಿನ ಮುಂದೆ ಹಾಡಿದವಳು ಯಾರೆಂಬುದು ಮಾತ್ರ ತಿಳಿಯದು. ಹಾಡು ಕೇಳಿದ ಪ್ರತಿಯೊಬ್ಬಳೂ ಅದನ್ನು ತನ್ನದೆನ್ನಬಹುದು. ರಸದಲ್ಲಿ ಆ ತ್ರಿಪದಿಗಳು ರಾಸಸುಂದರಿಯ ಗದ್ಯಕ್ಕಿಂತ ಬಹಳ ಮೇಲು. ಆದರೆ ಎಷ್ಟನೆಯ ವಯಸ್ಸಿನಲ್ಲಿ, ಎಷ್ಟನೆಯ ಹೆರಿಗೆ ಎಂದು ಹಾಡನ್ನು ಕೇಳಲಾಗದು. ಹಾಡು ಬಿಟ್ಟುಕೊಟ್ಟುದನ್ನು ಈ ಗದ್ಯ ಹಿಡಿದಿಟ್ಟಿದೆ.

ಗ್ರಂಥದಲ್ಲಿ ದೋಷವಿಲ್ಲವೆಂದಲ್ಲ. ಪ್ರತಿ ಅಧ್ಯಾಯದ ಮೊದಲಿನ ಪ್ರಾರ್ಥನಾಪದ್ಯಗಳು ಒಂದರಂತೆ ಒಂದು. ಅಲ್ಲಲ್ಲಿ ಬೇಸರ ಹುಟ್ಟಿಸುತ್ತವೆ. ಹುಟ್ಟಿದ ಮಕ್ಕಳಲ್ಲಿ ಹಲವರು ಆಕೆಗಿಂತ ಮೊದಲೇ ತೀರಿಕೊಂಡರು. ಆ ಶೋಕವನ್ನು ಹೇಳಹೊರಟಾಗಲೆಲ್ಲ ಭಗವಂತನ ಇಚ್ಛೆಯೆಂಬ ಮಾತು ಬೇಗನೆ ಬಂದು ಬಾಗಿಲು ಹಾಕಿಬಿಡುತ್ತದೆ.

ಒಂದು ಕಡೆ ಮಾತ್ರ ಹಾಗಾಗುವುದಿಲ್ಲ. ತಾನೇ ತಾಯಿಯಾದ ಮೇಲೆ, ತಾಯಿ ಪಡುವ ಕಷ್ಟ ಎಂತಹುದೆಂದು ಆಕೆಗೆ ತಿಳಿಯಿತು. ಆದರೆ ಹೆತ್ತ ತಾಯಿ ಮರಣಶಯ್ಯೆಯಲ್ಲಿದ್ದಾಗ ಹೋಗಿ ನೋಡುವ ಅವಕಾಶ ಅತ್ತೆಮನೆಯಿಂದ ದೊರೆಯಲಿಲ್ಲ. ಮಗನಾಗಿ ಹುಟ್ಟಿದ್ದರೆ ಎಲ್ಲಿದ್ದರೂ ಹಕ್ಕಿಯಂತೆ ಹಾರಿಹೋಗುತ್ತಿದ್ದೆನೆಂದು ಆಕೆ ಹಲುಬುತ್ತಾಳೆ. ಈ ಪುಟದಲ್ಲಿ ಪರಮೇಶ್ವರನ ಹೆಸರು ಬರುವುದು ಸಮಾಧಾನಕ್ಕಾಗಿ ಅಲ್ಲ. ತನಗೆ ಮನುಷ್ಯಜನ್ಮವನ್ನೇಕೆ ಕೊಟ್ಟೆಯೆಂದು ಅವನನ್ನೇ ಪ್ರಶ್ನಿಸುವುದಕ್ಕಾಗಿ.