ಬಡವನ ಸಿಟ್ಟು ಮತ್ತು ದವಡೆಯ ಲೆಕ್ಕ

ನವಲಗುಂದ ತಾಲ್ಲೂಕಿನ ಒಂದು ಹಳ್ಳಿಯ ಚಹಾದಂಗಡಿಯಲ್ಲಿ ಕೆಲವು ವರ್ಷಗಳ ಹಿಂದೆ ಕಂಡ ಘಟನೆಯಿದು. ಊರಿನ ಸ್ಥಿತಿವಂತರೊಬ್ಬರು ತಮ್ಮ ಹೊಲವನ್ನು ಪಾಲಿಗೆ ಮಾಡುತ್ತಿದ್ದ ಹುಡುಗನನ್ನು ಬಾಕಿ ಹಣದ ಸಲುವಾಗಿ ಹತ್ತಿಪ್ಪತ್ತು ಜನರ ಎದುರು ಬೈದರು. ಬೈಗುಳದಲ್ಲಿ ಅವನ ತಾಯಿಯನ್ನೂ ಎಳೆದುತಂದರು. ಹುಡುಗ ಎದ್ದು ನಿಂತ. ಮುಷ್ಟಿ ಬಿಗಿಯಿತು. ಅಷ್ಟರಲ್ಲಿ ಅವನ ಸೋದರಮಾವನೋ ದೊಡ್ಡಪ್ಪನೋ ಇರಬೇಕು, ಹಿರಿಯರೊಬ್ಬರು ರಟ್ಟೆ ಹಿಡಿದು 'ಬಡವನ ಸಿಟ್ಟು ದವಡಿಗೆ ಮೂಲ ಅಂತ ಕೇಳಿಲ್ಲೇನೋ ತಮ್ಮಾ? ನಡಿ ಮನಿಗೆ' ಎಂದು ಕರೆದುಕೊಂಡು ಹೋದರು. ಬೈದವರು ಉಳಿದ ಚಹಾ ಕುಡಿದು ಎದ್ದರು. ಅಂಗಡಿಯಲ್ಲಿದ್ದವರೆಲ್ಲ ಹಿರಿಯರ ಶಾಣ್ಯಾತನವನ್ನು ಹೊಗಳಿದರು. ಬೈದದ್ದು ತಪ್ಪು ಎಂದು ಒಬ್ಬರೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಈ ಗಾದೆಯನ್ನು ನಾವೆಲ್ಲ ಶಾಲೆಯಲ್ಲಿ ನೀತಿಯೆಂದು ಕಲಿತವರು. ಗಮನವಿಟ್ಟು ನೋಡಿದರೆ ಅದರಲ್ಲಿರುವುದು ಬರಿಯ ಲೆಕ್ಕ. ಸಿಟ್ಟು ಕೆಟ್ಟದ್ದು ಎಂದು ಅದು ಹೇಳುವುದಿಲ್ಲ. ಬಡವನಿಗೆ ಅದು ತುಟ್ಟಿಯಾಗುತ್ತದೆ ಎಂದಷ್ಟೇ ಎಚ್ಚರಿಸುತ್ತದೆ. ಉಳ್ಳವರ ಸಿಟ್ಟು ಯಾವುದಕ್ಕೆ ಮೂಲ, ಯಾರ ದವಡೆಗೆ ಮೂಲ ಎಂಬ ಪ್ರಶ್ನೆಗೆ ಗಾದೆಯಲ್ಲಿ ಉತ್ತರವಿಲ್ಲ. ಅಪಮಾನಕ್ಕೆ ಹಿಂಸೆಯಿಂದ ಉತ್ತರಿಸುವವರ ಬಗ್ಗೆ ನಮ್ಮ ಪತ್ರಿಕೆಗಳೂ ವಿದ್ಯಾವಂತರೂ ಆಡುವ ಮಾತಿನಲ್ಲಿ ಈ ಲೆಕ್ಕವೇ ಬೇರೆ ರೂಪದಲ್ಲಿ ಬರುತ್ತದೆ. ಓದಿದವರು ಸಹಿಸುತ್ತಾರೆ, ಓದದವರು ಕಲ್ಲೆತ್ತುತ್ತಾರೆ ಎನ್ನಲಾಗುತ್ತದೆ. ಇದು ಎಷ್ಟು ನಿಜ?

ಮೊದಲು ಕಾನೂನಿನ ಬಾಗಿಲನ್ನು ನೋಡೋಣ. ನಮ್ಮ ಹಳ್ಳಿಗಳ ಪೊಲೀಸ್ ದೂರುಗಳಲ್ಲಿ 'ಅವಾಚ್ಯ ಶಬ್ದಗಳಿಂದ ಬೈದು' ಎಂಬ ಸಾಲು ತಪ್ಪದೆ ಇರುತ್ತದೆ. ಶಾಂತಿ ಕದಡುವಂತೆ ಬೇಕೆಂದೇ ಅಪಮಾನ ಮಾಡುವುದು ದಂಡ ಸಂಹಿತೆಯ 504ನೇ ಕಲಮಿನಡಿ ಅಪರಾಧವಾಗಿತ್ತು. 2024ರ ಜುಲೈನಿಂದ ಅದು ಭಾರತೀಯ ನ್ಯಾಯ ಸಂಹಿತೆಯ 352ನೇ ಕಲಮು. ಇದು ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಪೊಲೀಸರು ತನಿಖೆ ಮಾಡಲು ಬಾರದ ಅಪರಾಧ. ಎಂದರೆ ಬರೀ ಬೈಸಿಕೊಂಡವನು ಠಾಣೆಗೆ ಹೋದರೆ ಕೋರ್ಟಿನ ದಾರಿ ತೋರಿಸುತ್ತಾರೆ. ಬೈಸಿಕೊಂಡವನು ಕುಡುಗೋಲನ್ನೋ ಬಡಿಗೆಯನ್ನೋ ಎತ್ತಿ ಗಾಯ ಮಾಡಿದನೋ, ಠಾಣೆ ಕೂಡಲೇ ಎಚ್ಚರಾಗುತ್ತದೆ. ಮಾನನಷ್ಟದ ಮೊಕದ್ದಮೆಗೆ ವಕೀಲರು ಬೇಕು, ವಾಯಿದೆಗೆ ಹೋಗಿಬರುವ ಬಸ್ ಚಾರ್ಜು ಬೇಕು, ಆ ದಿನದ ಕೂಲಿ ಬಿಡಬೇಕು. ಸ್ಥಿತಿವಂತರ ತಾಳ್ಮೆ ಎಂದು ನಾವು ಹೊಗಳುವುದರಲ್ಲಿ ಇದರ ಪಾಲು ದೊಡ್ಡದು. ಅವರಿಗೆ ಅಪಮಾನವನ್ನು ಒಪ್ಪಿಸಲು ಕಚೇರಿಗಳಿವೆ, ಪತ್ರಿಕೆಗಳಿವೆ, ಶಾಸಕರ ಮನೆಗಳಿವೆ.

ದಲಿತರ ಮತ್ತು ಆದಿವಾಸಿಗಳ ಮಟ್ಟಿಗೆ ಮಾತ್ರ ಈ ದೇಶ ಒಂದು ಬೇರೆ ಬಾಗಿಲನ್ನು ತೆರೆಯಿತು. 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಜನರ ಕಣ್ಣೆದುರು ಜಾತಿಯ ಕಾರಣಕ್ಕೆ ಅಪಮಾನ ಮಾಡುವುದು ಪೊಲೀಸರು ನೇರವಾಗಿ ದಾಖಲಿಸಿಕೊಳ್ಳಬೇಕಾದ ಅಪರಾಧ. ಈ ಕಾಯ್ದೆ 'ದುರುಪಯೋಗ'ವಾಗುತ್ತದೆ ಎಂಬ ದೂರು ಎಲ್ಲ ಊರುಗಳ ಕಟ್ಟೆಯ ಮೇಲೂ ಕೇಳಿಸುತ್ತದೆ. ಬೈಯುವ ಹಕ್ಕಿಗೆ ಧಕ್ಕೆಯಾದದ್ದರ ನೋವು ಅದರಲ್ಲಿಲ್ಲವೇ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ನವಲಗುಂದದ ಸೀಮೆಗೆ ಅಪಮಾನದ ಒಂದು ದೊಡ್ಡ ನೆನಪಿದೆ. ಮಲಪ್ರಭೆಯ ಕಾಲುವೆ ಬಂದಮೇಲೆ ಜೋಳ ಬಿಟ್ಟು ಹೈಬ್ರಿಡ್ ಹತ್ತಿ ಬೆಳೆದ ರೈತರು, ಬೆಲೆ ಕುಸಿದಾಗ ಸಾಲಕ್ಕೆ ಸಿಕ್ಕಿದರು. ಅದರ ಮೇಲೆ ಸರ್ಕಾರ ಅಭಿವೃದ್ಧಿ ಕರವನ್ನೂ ನೀರಿನ ಕರದ ಬಾಕಿಯನ್ನೂ ಕೇಳಿತು. 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ರೈತರು ಸಾವಿರಗಟ್ಟಲೆ ಸೇರಿದರು. ನರಗುಂದ ಆಗ ಧಾರವಾಡ ಜಿಲ್ಲೆಯಲ್ಲೇ ಇತ್ತು. ಅಲ್ಲಿ ತಹಸೀಲ್ದಾರ ಕಚೇರಿಯ ಬಾಗಿಲಿಗೆ ಅಡ್ಡ ಮಲಗಿದ್ದ ರೈತರನ್ನು ತುಳಿದುಕೊಂಡು ಅಧಿಕಾರಿ ಒಳಗೆ ಹೋದರು ಎಂಬುದು ಅಂದಿನಿಂದ ಜನರ ಬಾಯಲ್ಲಿ ಉಳಿದಿರುವ ಮಾತು. ಮಲಗಿದವರನ್ನು ದಾಟಬಾರದು ಎಂದು ಮಕ್ಕಳಿಗೂ ಹೇಳಿಕೊಡುವ ನಾಡು ಇದು. ಕರದ ಬಾಕಿಯನ್ನು ತಿಂಗಳುಗಟ್ಟಲೆ ತಾಳಿಕೊಂಡವರು ಈ ಒಂದು ಹೆಜ್ಜೆಯನ್ನು ತಾಳಿಕೊಳ್ಳಲಿಲ್ಲ. ಆ ದಿನದ ಗೋಲಿಬಾರಿನಲ್ಲಿ ಅಳಗವಾಡಿಯ ಬಸಪ್ಪ ಲಕ್ಕುಂಡಿ, ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ ತೀರಿಕೊಂಡರು. ನರಗುಂದದಲ್ಲಿ ಪೊಲೀಸ್ ಸಿಬ್ಬಂದಿಯೂ ಜನರ ಕೈಯಲ್ಲಿ ಸತ್ತರು.

ಇದನ್ನು ನಾವು 'ರೈತ ಬಂಡಾಯ' ಎನ್ನುತ್ತೇವೆ. ಜುಲೈ 21 ಹುತಾತ್ಮ ದಿನವಾಗಿದೆ. ವೀರಗಲ್ಲಿಗೆ ಎಲ್ಲ ಪಕ್ಷದವರೂ ಬಂದು ಮಾಲೆ ಹಾಕುತ್ತಾರೆ. ಬಂಡಾಯ ಎಂಬ ಶಬ್ದಕ್ಕೆ ಈ ಭಾಗದಲ್ಲಿ ಹಳೆಯ ಗೌರವವಿದೆ. 1857ರಲ್ಲಿ ಆಯುಧ ಒಪ್ಪಿಸಿ ಎಂಬ ಆಜ್ಞೆಯನ್ನು ಮಾನದ ಪ್ರಶ್ನೆಯೆಂದು ತಿಳಿದು ತಿರುಗಿಬಿದ್ದ ಹಲಗಲಿಯ ಬೇಡರನ್ನು ಲಾವಣಿಕಾರರು ಆ ಗೌರವದಿಂದಲೇ ನೆನಪಿನಲ್ಲಿಟ್ಟರು. 1980ರ ರೈತರಿಗೆ ಈ ಹೆಸರು ಸಲ್ಲಬೇಕಾದದ್ದೇ. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಆ ಚಳವಳಿಯ ಮುಂಚೂಣಿಯಲ್ಲಿದ್ದವರು ನೀರಾವರಿ ಭೂಮಿಯುಳ್ಳವರು. ಅವರ ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದ ಕೂಲಿಗಳು, ಅದರಲ್ಲೂ ಹೆಂಗಸರು, ದಿನವೂ ಕೇಳುತ್ತಿದ್ದ ಬೈಗುಳ ಅಂದಿನ ಬೇಡಿಕೆಗಳಲ್ಲಿ ದೊಡ್ಡ ಮಾತಾಗಲಿಲ್ಲ. ಸತ್ತ ಪೊಲೀಸರ ಹೆಸರನ್ನು ಜುಲೈ 21ರ ಸಭೆಗಳಲ್ಲಿ ಯಾರೂ ಹೇಳುವುದಿಲ್ಲ. ನಮ್ಮಲ್ಲಿ ಪೇದೆಯಾಗಿ ಸೇರುವವನೂ ಬಹಳ ಸಲ ರೈತನ, ಕೂಲಿಯವನ ಮಗನೇ ಆಗಿರುತ್ತಾನೆ. ಆಜ್ಞೆ ಕೊಡುವವರ ಬದಲು ಅವನೇ ಕಲ್ಲಿಗೆ ಎದುರಾಗಿ ನಿಂತಿರುತ್ತಾನೆ.

2016ರ ಜುಲೈ ಕೊನೆಯಲ್ಲಿ ಮಹದಾಯಿ ನ್ಯಾಯಮಂಡಳಿಯ ಮಧ್ಯಂತರ ಆದೇಶ ಬಂದಾಗ ನವಲಗುಂದದಲ್ಲಿ ಸರ್ಕಾರಿ ಕಚೇರಿಗಳಿಗೆ ಬೆಂಕಿ ಬಿತ್ತು. ಅದರ ಬೆನ್ನಿಗೆ ಪೊಲೀಸರು ಯಮನೂರಿನ ಮನೆಗಳಿಗೆ ನುಗ್ಗಿ ಮುದುಕರನ್ನೂ ಹೆಂಗಸರನ್ನೂ ಬಡಿದ ದೃಶ್ಯವನ್ನು ಟೀವಿಯಲ್ಲಿ ನಾಡೆಲ್ಲ ನೋಡಿತು. ಹಿಂದೂ ಮುಸ್ಲಿಮರು ಕೂಡಿ ನಡೆದುಕೊಳ್ಳುವ ಚಾಂಗದೇವರ ಊರು ಅದು. ಕೆಲವರ ಅಮಾನತಿನಲ್ಲಿ ಆ ಪ್ರಕರಣದ ಬಿಸಿ ಆರಿತು. ಅಂದು ಬೀದಿಯಲ್ಲಿ ಮುಖಭಂಗವಾದದ್ದು ಸರ್ಕಾರಕ್ಕೆ. ಅದರ ಸಿಟ್ಟು ಕೈಗೆ ಸಿಕ್ಕವರ ಬೆನ್ನಿನ ಮೇಲೆ ಇಳಿಯಿತು. ಆ ಸಿಟ್ಟಿಗೆ ನಮ್ಮ ಭಾಷೆಯಲ್ಲಿ ಗಾದೆಯಿಲ್ಲ; 'ಕಾನೂನು ಸುವ್ಯವಸ್ಥೆ' ಎಂಬ ಸರ್ಕಾರಿ ಶಬ್ದವಿದೆ.

ಓದಿದವರು ಸಹಿಸುತ್ತಾರೆ ಎಂಬ ಮಾತಿಗೂ ಕನ್ನಡದಲ್ಲಿ ಒಂದು ಪರೀಕ್ಷೆ ನಡೆದಿದೆ. 1973ರ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂಬರ್ಥದ ಮಾತಾಡಿದರು. ಅದನ್ನು ಭಾಷೆಗಾದ ಅಪಮಾನವೆಂದು ತಿಳಿದು ಬೀದಿಗಿಳಿದವರು ಕಾಲೇಜು ವಿದ್ಯಾರ್ಥಿಗಳು. ಏಟು ಬಿದ್ದದ್ದು ಆ ಮಾತನ್ನು ಆಡದ ದಲಿತ ಹುಡುಗರ ಮೇಲೆ, ಅವರ ಹಾಸ್ಟೆಲುಗಳ ಮೇಲೆ. ಸಚಿವರು ಸ್ಥಾನ ಬಿಡಬೇಕಾಯಿತು. ಪದವಿ ಓದುತ್ತಿದ್ದವರ ಆ ಹಿಂಸೆಗೆ ಚರಿತ್ರೆಯಲ್ಲಿ ಉಳಿದ ಹೆಸರು 'ಬೂಸಾ ಪ್ರಕರಣ'. ಹೊಡೆದವರ ಹೆಸರು ಬಿಟ್ಟುಹೋಗಿ, ಮಾತಾಡಿದವರ ಮಾತೇ ಪ್ರಕರಣದ ಹೆಸರಾಯಿತು. ಅವರನ್ನು ಯಾರೂ ಪುಂಡರ ಜಾತಿಯೆಂದು ಕರೆಯಲಿಲ್ಲ.

ಇಷ್ಟು ಹೇಳಿದಮೇಲೆ ನಮ್ಮ ಮನೆಯೊಳಗಿನ ಮಾತನ್ನೂ ಆಡಬೇಕು. 1986ರ ಡಿಸೆಂಬರಿನಲ್ಲಿ ಡೆಕ್ಕನ್ ಹೆರಾಲ್ಡ್ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಮಲಯಾಳಂ ಕಥೆಯೊಂದರ ಅನುವಾದ ಬಂತು. ಅದರ ಶೀರ್ಷಿಕೆಯಲ್ಲಿ ಪ್ರವಾದಿಯವರ ಹೆಸರನ್ನು ಹೋಲುವ ಹೆಸರಿತ್ತು. ಕಥೆ ಪ್ರವಾದಿಯವರ ಬಗ್ಗೆ ಇರಲಿಲ್ಲ. ಪತ್ರಿಕೆ ವಿಷಾದ ಸೂಚಿಸಿತು. ಆದರೂ ಬೆಂಗಳೂರು ಮೈಸೂರುಗಳಲ್ಲಿ ಎದ್ದ ಗಲಭೆಯಲ್ಲಿ ಹದಿನೈದಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರು ಪೊಲೀಸರ ಗುಂಡಿಗೆ ಬಲಿಯಾದವರು. ಇಂಗ್ಲಿಷಿನಲ್ಲಿ ಅಚ್ಚಾದ ಆ ಕಥೆಯನ್ನು ಬೀದಿಗಿಳಿದವರಲ್ಲಿ ಎಷ್ಟು ಜನ ಓದಿದ್ದರು? ಓದಬಲ್ಲವರು ಓದಿ, ಅದರ ಅರ್ಥವನ್ನು ಓಣಿಗೆ ಬಂದು ಬಿಡಿಸಿ ಹೇಳಬೇಕಾಗಿತ್ತು. ಆ ಕೆಲಸ ಆಗಲಿಲ್ಲ.

ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಗಳ ಹುಡುಗರು ದಿನವೂ ಕೆಲಸ ಹುಡುಕಿಕೊಂಡು ಹೋಗುವ ಊರು ಹುಬ್ಬಳ್ಳಿ. ಅಲ್ಲಿ 2022ರ ಏಪ್ರಿಲ್ 16ರ ರಾತ್ರಿ, ಮುಸ್ಲಿಮರ ಪವಿತ್ರ ಸ್ಥಳವನ್ನು ಅಪಮಾನಿಸುವ ಚಿತ್ರವೊಂದನ್ನು ಹುಡುಗನೊಬ್ಬ ಮೊಬೈಲಿನಲ್ಲಿ ಹಾಕಿಕೊಂಡದ್ದರಿಂದ ಹಳೇ ಹುಬ್ಬಳ್ಳಿ ಠಾಣೆಯ ಮುಂದೆ ಜನ ಸೇರಿದರು. ದೂರು ದಾಖಲಾಗಿತ್ತು, ಚಿತ್ರ ಹಾಕಿದವನನ್ನು ಪೊಲೀಸರು ಹಿಡಿದೂ ಆಗಿತ್ತು. ಆದರೂ ಕಲ್ಲು ಬಿದ್ದವು, ಪೊಲೀಸರಿಗೆ ಗಾಯಗಳಾದವು. ನೂರೈವತ್ತಕ್ಕೂ ಹೆಚ್ಚು ಜನರ ಬಂಧನವಾಯಿತು, ಭಯೋತ್ಪಾದನೆ ತಡೆಯುವ ಯುಎಪಿಎ ಕಾಯ್ದೆಯನ್ನು ಹಾಕಲಾಯಿತು. 2024ರ ಅಕ್ಟೋಬರಿನಲ್ಲಿ ಸರ್ಕಾರ ಈ ಪ್ರಕರಣವನ್ನೂ ಸೇರಿಸಿ ಹಲವು ಮೊಕದ್ದಮೆಗಳನ್ನು ಹಿಂದೆಗೆಯಲು ತೀರ್ಮಾನಿಸಿತು. 2025ರ ಮೇ ತಿಂಗಳಲ್ಲಿ ಹೈಕೋರ್ಟು ಆ ಆದೇಶವನ್ನು ರದ್ದು ಮಾಡಿತು.

ಕಲ್ಲಿಗೆ ಭಯೋತ್ಪಾದನೆಯ ಕಾಯ್ದೆ ಹಾಕುವುದು ಅನ್ಯಾಯ ಎಂದು ನಾನು ತಿಳಿದಿದ್ದೇನೆ. ಅದನ್ನು ಹೇಳುವಾಗಲೇ ಇದನ್ನೂ ಹೇಳಬೇಕು: ಅಂದು ರಾತ್ರಿ ಕಾನೂನಿನ ಬಾಗಿಲು ತೆರೆದಿತ್ತು. ತೆರೆದ ಬಾಗಿಲಿಗೆ ಕಲ್ಲು ಹೊಡೆದರೆ ನಾಳೆ ಮುಚ್ಚಿದ ಬಾಗಿಲಿನ ಮುಂದೆ ನಿಂತು ಕೇಳುವ ನೈತಿಕ ಬಲ ಕಡಿಮೆಯಾಗುತ್ತದೆ. ಇಂಥ ಸಂದರ್ಭಗಳಲ್ಲಿ ಬೀದಿಗೆ ಬರುವ ಹುಡುಗರು ಬಹುಪಾಲು ಗ್ಯಾರೇಜು, ತಳ್ಳುಗಾಡಿ, ಆಟೋ, ಗೌಂಡಿ ಕೆಲಸದವರು. ಸಮುದಾಯದ ಉಳ್ಳವರು ಮನೆಯ ಬಾಗಿಲು ಹಾಕಿಕೊಂಡಿರುತ್ತಾರೆ. ಮರುದಿನ ಕೆಲವರು ಈ ಹುಡುಗರನ್ನು 'ಜಾಹಿಲರು' ಎನ್ನುತ್ತಾರೆ, ಇನ್ನು ಕೆಲವರು 'ಗೈರತ್ತಿನವರು' ಎನ್ನುತ್ತಾರೆ. ಎರಡೂ ಮಾತಿಗೆ ಆಡಿದವರ ದವಡೆ ನೋಯುವುದಿಲ್ಲ. ಜೈಲಿನ ಬಾಗಿಲಲ್ಲಿ ಬುತ್ತಿ ಹಿಡಿದು ನಿಲ್ಲುವವಳು ಹುಡುಗನ ತಾಯಿ.

ಹಾಗಾದರೆ ಅಪಮಾನವಾದಾಗ ಬಡವರು ಏನು ಮಾಡಬೇಕು? 'ನಡಿ ಮನಿಗೆ' ಎಂಬುದಷ್ಟೇ ಉತ್ತರವೇ? ಈ ಸೀಮೆಯ ದುಡಿಯುವ ಜನ ಹಿಂದೆ ಬೇರೊಂದು ದಾರಿಯನ್ನೂ ಕಟ್ಟಿಕೊಂಡಿದ್ದರು. ಹರದೇಶಿ ನಾಗೇಶಿ ಮೇಳಗಳ ಸವಾಲು ಜವಾಬಿನಲ್ಲಿ ಒಂದು ಪಕ್ಷ ಗಂಡು ಹೆಚ್ಚು ಎನ್ನುತ್ತದೆ, ಇನ್ನೊಂದು ಹೆಣ್ಣು ಹೆಚ್ಚು ಎನ್ನುತ್ತದೆ. ಬೆಳತನಕ ಒಬ್ಬರನ್ನೊಬ್ಬರು ಹೀಯಾಳಿಸುತ್ತಾರೆ, ಕೆಣಕುತ್ತಾರೆ. ದಪ್ಪಿನ ಮೇಲೆ ಕೈ ಬೀಳುತ್ತದೆಯೇ ಹೊರತು ಎದುರಿನವರ ಮೇಲಲ್ಲ. ಇದು ಹಾಡುವವರ ತಾಳ್ಮೆಯಿಂದ ಮಾತ್ರ ನಡೆಯುವುದಿಲ್ಲ. ಸುತ್ತ ಕುಳಿತ ಊರು ಯಾರ ಮಾತು ಮೇಲಾಯಿತು, ಯಾರದು ಹದ ತಪ್ಪಿತು ಎಂದು ತೂಗುತ್ತಿರುತ್ತದೆ. ಅಪಮಾನಗೊಂಡವನಿಗೆ ತನ್ನ ಸರದಿ ಬರುತ್ತದೆ, ಅದನ್ನು ಜನ ಕೇಳುತ್ತಾರೆ ಎಂಬ ಭರವಸೆ ಇರುತ್ತದೆ.

ಶಿಶುನಾಳದ ಶರೀಫರು, ಕುಂದಗೋಳ ತಾಲ್ಲೂಕಿನ ಕಳಸದ ಗೋವಿಂದಭಟ್ಟರು ಗುರುಶಿಷ್ಯರಾದಾಗ ಎರಡೂ ಕಡೆಯವರು ಅವರನ್ನು ಹಳಿದರೆಂಬ ಕಥೆಗಳಿವೆ. ಆ ಹಳಿದವರ ಮಾತು ಉಳಿದಿಲ್ಲ, ಶರೀಫರ ಪದಗಳು ಉಳಿದಿವೆ. ಇದನ್ನು ಹೇಳಿ ಬಡವರಿಗೆ 'ನೀವೂ ಹಾಡಿಕೊಳ್ಳಿ' ಎಂದು ಉಪದೇಶಿಸುವುದು ನನ್ನ ಉದ್ದೇಶವಲ್ಲ. ಶರೀಫರು ಓದಿದವರು, ಕೆಲಕಾಲ ಶಾಲೆಯ ಮಾಸ್ತರರಾಗಿದ್ದವರು. ಮಾತೂ ಒಂದು ಆಸ್ತಿ. ಅದು ಎಲ್ಲರ ಮನೆಯಲ್ಲಿ ಇರುವುದಿಲ್ಲ. ಮೇಳದ ಹಾಡಿಕೆಯವರೂ ಮರುದಿನ ಸಾವಕಾರರ ಅಂಗಳದಲ್ಲಿ ಕೈಕಟ್ಟಿ ನಿಂತವರೇ. ಆದರೂ ಆ ಕಣದಿಂದ ಕಲಿಯುವುದು ಒಂದಿದೆ.

ಬಹಿರಂಗ ಅಪಮಾನದಲ್ಲಿ ಎರಡು ಪಾತ್ರಗಳಿರುತ್ತವೆ ಎಂದು ನಾವು ತಿಳಿಯುತ್ತೇವೆ: ಬೈದವನು, ಬೈಸಿಕೊಂಡವನು. ಅದನ್ನು ಬಹಿರಂಗ ಮಾಡುವುದು ಮೂರನೆಯವರು, ನೋಡುತ್ತ ಕುಳಿತವರು. ಸವಾಲು ಜವಾಬಿನ ಕಣದಲ್ಲಿ ಅವರು ತೂಗುತ್ತಿದ್ದರು. ಮೊಬೈಲಿನ ಕಣದಲ್ಲಿ ಅವರು ಮುಂದಕ್ಕೆ ಕಳಿಸುತ್ತಾರೆ. ಚಹಾದಂಗಡಿಯಲ್ಲಿ ಅವರು ಸುಮ್ಮನಿರುತ್ತಾರೆ. ಬೈಸಿಕೊಂಡವನಿಗೆ ತಾನು ಒಂಟಿ ಎಂದು ಖಾತ್ರಿಯಾಗುವುದು ಬೈಗುಳದಿಂದಲ್ಲ, ಆ ಸುಮ್ಮನಿರುವಿಕೆಯಿಂದ. ಮುಷ್ಟಿ ಬಿಗಿಯುವುದು ಆಗ.

ಆ ದಿನ ನಮ್ಮಲ್ಲಿ ಒಬ್ಬರು, 'ಸಾವಕಾರ್ರ, ರೊಕ್ಕದ ಮಾತು ರೊಕ್ಕಕ್ಕ ಇರ್ಲಿ, ತಾಯಿ ಮ್ಯಾಲೆ ಹೋಗಬ್ಯಾಡ್ರಿ' ಎಂದಿದ್ದರೆ ಸಾಕಿತ್ತು. ಆ ಮಾತಿಗೆ ಯಾರ ದವಡೆಯೂ ಹೋಗುತ್ತಿರಲಿಲ್ಲ. ಅಂಗಡಿಯಲ್ಲಿದ್ದವರಲ್ಲಿ ಓದಿದವನು, ಸಂಬಳದವನು, ಸಾವಕಾರರ ಹಂಗಿಲ್ಲದವನು ನಾನೊಬ್ಬನೇ ಇದ್ದೆ.